ಎಡಗಾಲಿನ ಹಿಮ್ಮಡಿ

ಪ್ರತಿ ತಿಂಗಳು ಇಪ್ಪತ್ತರೊಳಗೆ ಕಟ್ಟಬೇಕು.
ಕಟ್ಟುತ್ತೇನೆ. ಬೈದುಕೊಂಡೇ ಕಟ್ಟುತ್ತೇನೆ.
ರಾದೊಮ್ ಊರಿನ ರೈಲುನಿಲ್ದಾಣದ ಹಿಂದಿನ ಗಲ್ಲಿಯಲ್ಲಿ
ಮೂರು ಮೆಟ್ಟಿಲು ಕೆಳಗಿಳಿದರೆ ನನ್ನ ಅಂಗಡಿ;
ಕಿಟಕಿಯಿಂದ ಮುಖ ಕಾಣುವುದಿಲ್ಲ, ಪಾದ ಮಾತ್ರ.
ಮೂವತ್ತೆಂಟು ವರ್ಷದಿಂದ ಈ ಪೋಲೆಂಡನ್ನು
ಮೊಣಕಾಲಿನ ಕೆಳಗಷ್ಟೇ ಬಲ್ಲೆ.

ಯಾರು ಹೇಗೆ ನಡೆಯುತ್ತಾರೆಂದು ಅಟ್ಟೆ ಹೇಳುತ್ತದೆ.
ವಿಯೆಸ್ವಾವಾ, ಚರ್ಮದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ತೊಟ್ಟಿಯ ಮುಂದೆ ನಿಂತವಳು, ಇಂದಿಗೂ
ಜಾರುವ ನೆಲದ ಮೇಲೆಂಬಂತೆ ಬೆರಳೂರಿ ನಡೆಯುತ್ತಾಳೆ.
ಕಾರ್ಖಾನೆ ಮುಚ್ಚಿತು. ಒದ್ದೆ ನೆಲ ಮಾತ್ರ
ಅವಳ ಕಾಲಿಗಂಟಿಕೊಂಡು ಮನೆಗೆ ಬಂತು.
ಏಪ್ರಿಲಿನಲ್ಲಿ ಅವಳಿಗೆ ಹದಿಮೂರನೇ ಪಿಂಚಣಿ.
ವರ್ಷಕ್ಕೆ ಹನ್ನೆರಡೇ ತಿಂಗಳಲ್ಲವೇ ಅಂದರೆ ನಗುತ್ತಾಳೆ:
"ಮುದುಕಿಯ ವರ್ಷ ಉದ್ದ ಕಣಪ್ಪಾ."
ಆ ದುಡ್ಡಲ್ಲಿ ಕೀಲುನೋವಿನ ಮುಲಾಮು, ಬೆಕ್ಕಿಗೆ ಮೀನು, ಮತ್ತೆ
ಅದೇ ಕಪ್ಪು ಬೂಟಿಗೆ ನನ್ನಿಂದ ಹೊಸ ಅಟ್ಟೆ.
ಅಂದರೆ ನನ್ನ ದುಡ್ಡು ಸುತ್ತಿ ಬಳಸಿ ನನಗೇ ಬಂತು,
ಬರುವಾಗ ಒಂದಿಷ್ಟು ಸೊರಗಿತ್ತು.

ಕಿಂಗಾಳ ಲೆಕ್ಕ ಬೇರೆ. ನಾಲ್ಕು ಮಕ್ಕಳು, ಎಂಟು ಪಾದ.
ಮೊದಲೆಲ್ಲ ದೊಡ್ಡವನದು ನಡುವಿನವಳಿಗೆ,
ಅವಳದು ಲೆಶೆಕ್‌ಗೆ. ಒಂದೇ ಜೊತೆಯನ್ನು ಮೂರು ಸಲ ಹೊಲಿದಿದ್ದೇನೆ;
ಕೊನೆಯ ಕೂಸಿಗೆ ಬರುವಷ್ಟರಲ್ಲಿ ಅದರಲ್ಲಿ
ತೊಗಲಿಗಿಂತ ನನ್ನ ದಾರವೇ ಹೆಚ್ಚು.
ಆಮೇಲೆ ತಲೆಗಿಷ್ಟೆಂದು ತಿಂಗಳ ಹಣ ಬರತೊಡಗಿತು.
ಎಂಟು ಪಾದಕ್ಕೂ ಹೊಸ ಬೂಟು.
ಕಡೆಯ ಸಲ ರಿಪೇರಿಗೆ ಕೊಟ್ಟ ಲೆಶೆಕ್‌ನ ನೀಲಿ ಜೊತೆ
ಒಯ್ಯಲು ಯಾರೂ ಬರಲಿಲ್ಲ.
ಹದಿನೆಂಟು ಝ್ಲೋಟಿ. ಕಪಾಟಿನಲ್ಲಿ ಧೂಳು ತಿನ್ನುತ್ತಿದೆ.
ನಾನೇ ತೆರಿಗೆ ಕಟ್ಟಿ ನನ್ನ ಗಿರಾಕಿಯನ್ನು ಕಳಕೊಂಡೆ!
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಲಾರಿ ಮಾಲೀಕ ಓಲ್ಗ್ಯೆರ್ತ್ ಬಂದು ಕೂತರೆ ಇದೇ ಮಾತು:
"ಹೆತ್ತವರು ಸಾಕಲಿ. ದುಡಿಯುವಾಗ ಕೂಡಿಡದವರು
ಮುಪ್ಪಿನಲ್ಲಿ ನನ್ನ ಜೇಬಿಗೇಕೆ ಕೈ ಹಾಕಬೇಕು?"
ಹೂಂ ಅನ್ನುತ್ತೇನೆ. ಬಾಯಲ್ಲಿ ಮೊಳೆಗಳಿರುವಾಗ
ಹೂಂ ಅನ್ನುವುದೇ ಸುಲಭ.
ಅವನ ಬೂಟು ಇಟಲಿಯದು, ಅಟ್ಟೆ ಸವೆಯುವುದೇ ಇಲ್ಲ,
ಕಾರಿನಿಂದ ಇಳಿದರೆ ತಾನೇ.
ಆದರೂ ಅವನದು ಪೂರಾ ಸುಳ್ಳೆಂದು ಹೇಳಲಾರೆ.
ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಜನವರಿಯಲ್ಲಿ
ಹೀಟರ್ ಆರಿಸಿ, ಕೋಟು ತೊಟ್ಟು ಹೊಲಿದ ತಿಂಗಳೂ
ಇಪ್ಪತ್ತನೇ ತಾರೀಕು ತಪ್ಪಿಸಿದವನಲ್ಲ.
ಯಾರೂ ಶಹಬ್ಬಾಸ್ ಅನ್ನಲಿಲ್ಲ.

ಇನ್ನು ನಾಲ್ಕು ವರ್ಷ. ಆಮೇಲೆ ನಾನೂ ಇಸಕೊಳ್ಳುವವನೇ.
ಕಟ್ಟಿದ್ದೆಲ್ಲ ಎಲ್ಲೋ ಒಂದು ಡಬ್ಬದಲ್ಲಿ
ನನ್ನ ಹೆಸರು ಹೊತ್ತು ಕೂತಿದೆ ಅಂದುಕೊಂಡಿದ್ದೆ.
ಇಲ್ಲವಂತೆ. ಅದು ಹೋದ ವಾರವೇ
ವಿಯೆಸ್ವಾವಾಳ ಬೆಕ್ಕಿನ ಮೀನಾಯಿತು.
ನನ್ನ ಪಾಲು ಈಗಿನ್ನೂ ಮೂರನೇ ತರಗತಿಯಲ್ಲಿದೆ,
ಏಳರ ಮಗ್ಗಿಯಲ್ಲಿ ಎಡವುತ್ತಿದೆ,
ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಿದೆ.
ಅದು ದುಡಿಯುವುದು ಯಾವಾಗ, ನಾನು ತಿನ್ನುವುದು ಯಾವಾಗ?

ಇವತ್ತು ಹತ್ತೊಂಬತ್ತು. ಕಟ್ಟಲೆಂದು ಹೊರಟು
ಬಾಗಿಲಿಗೆ ಬೀಗ ಹಾಕುತ್ತಿದ್ದೆ. ತಲೆಯ ಮೇಲೆ
ಲೆಶೆಕ್ ಓಡಿಹೋದ, ಹೊಸ ಬೂಟಿನಲ್ಲಿ ಕಲ್ಲೊದೆಯುತ್ತ.
ಮುಖ ನೋಡುವ ರೂಢಿ ನನಗಿಲ್ಲ.
ಎಡಗಾಲಿನ ಹಿಮ್ಮಡಿ ಈಗಲೂ ಹೊರಕ್ಕೇ ಊರುತ್ತದೆ.
ಆರು ತಿಂಗಳು, ಹೆಚ್ಚೆಂದರೆ ಏಳು.
ಮೂವತ್ತೈದರ ಅಳತೆಯ ರಬ್ಬರು ತರಿಸಿಡಬೇಕು.